ಜ್ವರ, ಭೇದಿ, ಊಟ ಸೇರದ ದಿನಗಳು: ಅಸಿಟ್ರಾಮ್, ವಾರ್ಫರಿನ್ ತೆಗೆದುಕೊಳ್ಳುವವರು ಏನು ಮಾಡಬೇಕು

ಹಾರ್ಟ್ ವಾಲ್ವ್ ಬದಲಾಯಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ಅಸಿಟ್ರಾಮ್ ಅಥವಾ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರ ಮನೆಯಲ್ಲಿ ಒಂದು ಮಾತು ಖಂಡಿತ ಕೇಳಿಸುತ್ತದೆ. "ಸೊಪ್ಪು ಜಾಸ್ತಿ ತಿನ್ನಬಾರದು ಅಂತ ಡಾಕ್ಟರ್ ಹೇಳಿದ್ದಾರೆ." ಸೊಪ್ಪು ಜಾಸ್ತಿಯಾದರೆ ಮಾತ್ರೆಯ ಕೆಲಸ ಕಡಿಮೆಯಾಗುತ್ತದೆ ಎಂಬುದು ಹೀಗೆ ಅಡುಗೆಮನೆವರೆಗೂ ತಲುಪಿದೆ. ಆದರೆ ಊಟವೇ ಕಡಿಮೆಯಾದರೆ ಏನಾಗುತ್ತದೆ ಎಂಬುದು ಅಷ್ಟಾಗಿ ತಲುಪಿಲ್ಲ. ಜ್ವರ ಬಂದು, ಭೇದಿಯಾಗಿ, ಬಾಯಿ ಕೆಟ್ಟು ನಾಲ್ಕು ದಿನ ಬರೀ ಗಂಜಿ ಕುಡಿದು ಮಲಗಿದರೆ, ಮಾತ್ರೆ ಅದೇ, ಡೋಸ್ ಅದೇ, ಒಂದು ದಿನವೂ ತಪ್ಪಿಸಿಲ್ಲ, ಆದರೂ ಅದರ ಕೆಲಸ ಇದ್ದಕ್ಕಿದ್ದಂತೆ ಜಾಸ್ತಿಯಾಗುತ್ತದೆ. ರಕ್ತ ಹೆಪ್ಪುಗಟ್ಟುವುದು ಬೇಕಾದ್ದಕ್ಕಿಂತ ನಿಧಾನವಾಗುತ್ತದೆ. ಒಳಗೆಲ್ಲೋ ರಕ್ತ ಒಸರಲು ಶುರುವಾದರೂ ಮೊದಲಿಗೆ ಗೊತ್ತಾಗುವುದಿಲ್ಲ.

ನಮ್ಮ ಅಮ್ಮನಿಗೆ ಹೃದಯದ ಎಡಭಾಗದ ಎರಡು ಕೋಣೆಗಳ ನಡುವೆ, ಅಂದರೆ ಮೈಟ್ರಲ್ ಜಾಗದಲ್ಲಿ, ಲೋಹದ ವಾಲ್ವ್ ಇದೆ. ಮನೆಯಲ್ಲಿ ಮಾತ್ರೆ, ಐಎನ್‌ಆರ್ (ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತಿದೆ ಎಂದು ತೋರಿಸುವ ಪರೀಕ್ಷೆ) ಡೈರಿ, ಲ್ಯಾಬು, ಡಾಕ್ಟರ ಫೋನು ಎಲ್ಲ ನನ್ನ ಪಾಲಿಗೆ. ನಾನು ಡಾಕ್ಟರ್ ಅಲ್ಲ, ಹಾಗಾಗಿ ಡೋಸ್ ಎಷ್ಟು ಇಳಿಸಬೇಕು ಅಂತ ಇಲ್ಲಿ ಹೇಳುವುದಿಲ್ಲ. ಯಾವಾಗ ಎಚ್ಚರ ಆಗಬೇಕು, ಯಾವ ದಿನ ಪರೀಕ್ಷೆ ಮಾಡಿಸಬೇಕು, ಡಾಕ್ಟರಿಗೆ ಏನು ಹೇಳಬೇಕು, ಮೆಡಿಕಲ್ ಶಾಪ್‌ನಲ್ಲಿ ಯಾವುದಕ್ಕೆ ಬೇಡ ಅನ್ನಬೇಕು, ಅಷ್ಟನ್ನು ಹೇಳುತ್ತೇನೆ.

ಊಟಕ್ಕೂ ಮಾತ್ರೆಗೂ ಏನು ಸಂಬಂಧ

ಗಾಯವಾದಾಗ ರಕ್ತ ನಿಲ್ಲಿಸುವ ಕೆಲವು ಪ್ರೋಟೀನುಗಳನ್ನು ನಮ್ಮ ಲಿವರ್ ತಯಾರಿಸುತ್ತದೆ. ಅವುಗಳಲ್ಲಿ ನಾಲ್ಕಕ್ಕೆ, ಅಂದರೆ 2, 7, 9, 10 ಎಂಬ ನಂಬರಿನವಕ್ಕೆ, ವಿಟಮಿನ್ ಕೆ ಬೇಕೇ ಬೇಕು. ಅಸಿಟ್ರಾಮ್ ಮತ್ತು ವಾರ್ಫರಿನ್ ಮಾಡುವುದು ಇಷ್ಟೇ: ಒಮ್ಮೆ ಬಳಕೆಯಾದ ವಿಟಮಿನ್ ಕೆ ಮತ್ತೆ ಕೆಲಸಕ್ಕೆ ಬರದಂತೆ ತಡೆಯುತ್ತವೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಮಾತ್ರೆ, ಇನ್ನೊಂದರಲ್ಲಿ ದಿನಾ ತಿನ್ನುವ ಊಟದ ವಿಟಮಿನ್ ಕೆ. ಡಾಕ್ಟರು ನಿಮಗೆ 2 ಮಿಲಿಗ್ರಾಂ ಅಂತಲೋ, ಸೋಮ ಬುಧ ಶುಕ್ರ 3, ಮಿಕ್ಕ ದಿನ 2 ಅಂತಲೋ ಬರೆದುಕೊಟ್ಟಿರುವುದು ನೀವು ಮಾಮೂಲಿಯಾಗಿ ತಿನ್ನುವ ಊಟಕ್ಕೆ ಸರಿತೂಗುವಂತೆ. ಆ ಊಟವನ್ನು ತೆಗೆದುಬಿಟ್ಟರೆ ಅದೇ 2 ಮಿಲಿಗ್ರಾಂ ಭಾರವಾಗುತ್ತದೆ.

ದೇಹದಲ್ಲಿ ವಿಟಮಿನ್ ಕೆ ದಾಸ್ತಾನು ತುಂಬಾ ಕಡಿಮೆ. ಬಿ 12 ತರಹ ವರ್ಷಗಟ್ಟಲೆ ಉಳಿಯುವುದಲ್ಲ. ಕೆಲವು ದಿನ ಊಟ ಬಿಟ್ಟರೆ ಕೊರತೆ ಶುರುವಾಗುತ್ತದೆ. ಹುಷಾರಿಲ್ಲದಾಗ ನಾವು ಕೊಡುವುದೇನು? ಅಕ್ಕಿ ಗಂಜಿ, ರವೆ ಗಂಜಿ, ಬ್ರೆಡ್ಡು, ತಿಳಿಸಾರು ಅನ್ನ, ಮಜ್ಜಿಗೆ, ಎಳನೀರು. ಹೊಟ್ಟೆಗೆ ಹಗುರ, ಸರಿಯೇ. ಆದರೆ ಇವ್ಯಾವುದರಲ್ಲೂ ವಿಟಮಿನ್ ಕೆ ಹೇಳಿಕೊಳ್ಳುವಷ್ಟು ಇಲ್ಲ. ಅದು ಇರುವುದು ದಂಟಿನ ಸೊಪ್ಪು, ಪಾಲಕ್, ನುಗ್ಗೆ ಸೊಪ್ಪು, ಮೆಂತ್ಯ ಸೊಪ್ಪಿನಂಥವುಗಳಲ್ಲಿ, ಸ್ವಲ್ಪಮಟ್ಟಿಗೆ ಕೋಸು, ಬೀನ್ಸು ಮತ್ತು ಕೆಲವು ಅಡುಗೆ ಎಣ್ಣೆಗಳಲ್ಲಿ. ಮಾಮೂಲಿ ದಿನಗಳಲ್ಲಿ ವಾರಕ್ಕೆರಡು ಸಲ ಬಸ್ಸಾರು ಮಾಡುವ ಮನೆಯಲ್ಲಿ ಜ್ವರ ಬಂದ ವಾರ ಒಂದೆಳೆ ಸೊಪ್ಪೂ ಹೊಟ್ಟೆಗೆ ಹೋಗಿರುವುದಿಲ್ಲ, ಅಲ್ವಾ?

ಐಎನ್‌ಆರ್ ಎಂದರೆ ಈ ತಕ್ಕಡಿ ಎತ್ತ ವಾಲಿದೆ ಎಂದು ತೋರಿಸುವ ನಂಬರು. ಮಾತ್ರೆ ತೆಗೆದುಕೊಳ್ಳದವರಿಗೆ ಸುಮಾರು 1. ಎದೆಬಡಿತ ಏರುಪೇರಾಗುವವರಿಗೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರಿಗೆ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಮೈಟ್ರಲ್ ಜಾಗದ ಲೋಹದ ವಾಲ್ವ್ ಇರುವವರಿಗೆ ಹೆಚ್ಚಾಗಿ 2.5ರಿಂದ 3.5. ನಿಮ್ಮ ಗುರಿ ಯಾವುದು ಎಂದು ಡಾಕ್ಟರು ಹೇಳಿರುತ್ತಾರೆ. ಅದನ್ನು ಡೈರಿಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿಡಿ. ನಂಬರು ಮೇಲೆ ಹೋದಷ್ಟೂ ರಕ್ತಸ್ರಾವದ ಭಯ, ಕೆಳಗಿಳಿದಷ್ಟೂ ಹೆಪ್ಪುಗಟ್ಟುವ ಭಯ.

ಕಾಯಿಲೆ ಒಂದೇ ದಾರಿಯಲ್ಲಿ ಬರುವುದಿಲ್ಲ

ಊಟ ಕಡಿಮೆಯಾಗುವುದು ಒಂದು ಕಾರಣ ಅಷ್ಟೇ. ಜ್ವರ ಜೋರಾಗಿದ್ದಾಗ ರಕ್ತ ನಿಲ್ಲಿಸುವ ಆ ಪ್ರೋಟೀನುಗಳು ಬೇಗ ಬೇಗ ಖರ್ಚಾಗುತ್ತವೆ. ಭೇದಿಯಾದರೆ ತಿಂದ ಅಷ್ಟಿಷ್ಟು ವಿಟಮಿನ್ ಕೆ ಕೂಡ ದೇಹಕ್ಕೆ ಸೇರದೆ ಹೊರಗೆ ಹೋಗುತ್ತದೆ. ಕಾಮಾಲೆ ಬಂದರೆ ಆ ಪ್ರೋಟೀನು ತಯಾರಿಸುವ ಲಿವರೇ ಕೆಟ್ಟಿರುತ್ತದೆ, ಆಗ ಐಎನ್‌ಆರ್ ಎಲ್ಲಿಗೆ ಹೋಗುತ್ತದೋ ಊಹಿಸುವುದು ಕಷ್ಟ. ನಾಟಿ ಔಷಧಿ ತರಿಸಿ ಕುಡಿಸಿ ಒಂದು ವಾರ ನೋಡೋಣ ಅನ್ನುವ ಮಾತು ಈ ಮಾತ್ರೆ ತಿನ್ನುವವರಿಗೆ ಬೇಡವೇ ಬೇಡ. ಹಾರ್ಟ್ ಫೇಲ್ಯೂರ್ ಇರುವವರಿಗೆ ಕಾಲು ಊದಿಕೊಂಡು, ಉಸಿರು ಕಟ್ಟಿ, ಹೊಟ್ಟೆ ಭಾರವಾದರೂ ಹಾಗೇ. ಲಿವರ್‌ನಲ್ಲಿ ರಕ್ತ ತುಂಬಿಕೊಂಡು ಅದರ ಕೆಲಸ ಕುಂಟುತ್ತದೆ, ಹಸಿವೂ ಹೋಗುತ್ತದೆ, ಐಎನ್‌ಆರ್ ಏರುತ್ತದೆ.

ವಾಂತಿ ಮಾತ್ರ ಎರಡೂ ಕಡೆ ಎಳೆಯುತ್ತದೆ. ಮಾತ್ರೆ ನುಂಗಿದ ಕೂಡಲೇ ವಾಂತಿಯಾದರೆ ಮಾತ್ರೆ ಹೊರಗೆ ಹೋಗಿರಬಹುದು. ಆದರೆ ಹೊಟ್ಟೆಯಲ್ಲಿ ಊಟವೂ ಉಳಿಯದ ಕಾರಣ ಒಳಗಿನ ವಿಟಮಿನ್ ಕೆ ಕಡಿಮೆಯಾಗುತ್ತಿರುತ್ತದೆ. "ವಾಂತಿ ಆಯ್ತು, ಇನ್ನೊಂದು ಮಾತ್ರೆ ಕೊಡೋಣ" ಅಂತ ನಿಮ್ಮಷ್ಟಕ್ಕೆ ಕೊಡಬೇಡಿ. ಎಷ್ಟು ಹೊತ್ತಿಗೆ ನುಂಗಿದ್ದು, ಎಷ್ಟು ಹೊತ್ತಿಗೆ ವಾಂತಿಯಾಯಿತು, ಮಾತ್ರೆ ಕಾಣಿಸಿತಾ, ಇಷ್ಟನ್ನು ಬರೆದುಕೊಂಡು ಡಾಕ್ಟರನ್ನು ಕೇಳಿ. ಡೋಸ್ ಮರೆತುಹೋದರೂ ಮರುದಿನ ಎರಡು ಒಟ್ಟಿಗೆ ನುಂಗುವಂತಿಲ್ಲ.

ಮಳೆಗಾಲದಲ್ಲಿ ಡೆಂಗಿ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಡೆಂಗಿಯಲ್ಲಿ ಪ್ಲೇಟ್‌ಲೆಟ್, ಅಂದರೆ ರಕ್ತ ನಿಲ್ಲಿಸಲು ನೆರವಾಗುವ ಕಣಗಳು, ಇಳಿಯುತ್ತವೆ. ರಕ್ತ ನಿಲ್ಲಿಸುವ ಪ್ರೋಟೀನುಗಳನ್ನು ಮಾತ್ರೆ ಈಗಾಗಲೇ ತಗ್ಗಿಸಿದೆ, ಪ್ಲೇಟ್‌ಲೆಟ್ ಕೂಡ ಹೋದರೆ ತಡೆಯುವುದಕ್ಕೆ ಯಾರೂ ಇಲ್ಲ. ಹಾಗಾಗಿ ಈ ಮಾತ್ರೆ ತಿನ್ನುವವರಿಗೆ ಮೈಕೈ ನೋವಿನ ಜೋರು ಜ್ವರ ಬಂದರೆ ಮೂರು ದಿನ ಕಾಯುವುದು ಬೇಡ. ಮೊದಲ ದಿನವೇ ಡಾಕ್ಟರಿಗೆ ತೋರಿಸಿ, ರಕ್ತದ ಕೌಂಟ್ ಜೊತೆಗೆ ಐಎನ್‌ಆರ್ ಕೂಡ ಮಾಡಿಸಿ. ಮಾತ್ರೆ ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂಬುದು ಪ್ಲೇಟ್‌ಲೆಟ್ ನಂಬರು ಮತ್ತು ವಾಲ್ವ್ ಎರಡನ್ನೂ ನೋಡಿ ಡಾಕ್ಟರು ತೆಗೆದುಕೊಳ್ಳಬೇಕಾದ ತೀರ್ಮಾನ. ಪಪ್ಪಾಯಿ ಎಲೆ ರಸ ಕುಡಿಸಿ ಅಂತ ಸಲಹೆ ಕೊಡುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಡಾಕ್ಟರನ್ನು ಕೇಳದೆ ಅದನ್ನು ಕೊಡಬೇಡಿ.

ಮೆಡಿಕಲ್ ಶಾಪ್‌ನ ಕೌಂಟರ್ ಮುಂದೆ

ಅರ್ಧ ಅನಾಹುತ ಕಾಯಿಲೆಯಿಂದಲ್ಲ, ಕಾಯಿಲೆಗೆ ಕೊಟ್ಟ ಮಾತ್ರೆಯಿಂದ ಅಂತ ನನಗನ್ನಿಸುತ್ತದೆ. ಲೂಸ್ ಮೋಷನ್ ಅಂದರೆ ಸಾಕು, ಚೀಟಿ ಇಲ್ಲದೆ ಎರಡು ಆಂಟಿಬಯೋಟಿಕ್ ಸೇರಿಸಿದ ಮಾತ್ರೆಯ ಸ್ಟ್ರಿಪ್ ಕೈಗೆ ಬರುತ್ತದೆ. ಮೆಟ್ರೊನಿಡಜೋಲ್ ಮತ್ತು ಅದೇ ಗುಂಪಿನ ಮಾತ್ರೆಗಳು ವಾರ್ಫರಿನ್ ದೇಹದಿಂದ ಹೊರಹೋಗುವುದನ್ನು ನಿಧಾನಮಾಡುತ್ತವೆ, ಐಎನ್‌ಆರ್ ಏರಿಸುವುದರಲ್ಲಿ ಇವುಗಳಿಗೆ ಕುಖ್ಯಾತಿ ಇದೆ. ಮೂತ್ರದ ಸೋಂಕಿಗೆ ಕೊಡುವ ಕೋಟ್ರೈಮಾಕ್ಸಜೋಲ್, ಫಂಗಸ್‌ಗೆ ಕೊಡುವ ಫ್ಲುಕೊನಜೋಲ್ ಕೂಡ ಅದೇ ಸಾಲಿನವು. ಸಿಪ್ರೋಫ್ಲಾಕ್ಸಸಿನ್, ಅಜಿತ್ರೋಮೈಸಿನ್ ಕೆಲವರಲ್ಲಿ ಏರಿಸುತ್ತವೆ. ಜೊತೆಗೆ ಕರುಳಿನ ಬ್ಯಾಕ್ಟೀರಿಯಾ ತಯಾರಿಸುವ ಅಲ್ಪಸ್ವಲ್ಪ ವಿಟಮಿನ್ ಕೆ ಕೂಡ ಆಂಟಿಬಯೋಟಿಕ್‌ನಿಂದ ನಿಂತುಹೋಗುತ್ತದೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಇದಕ್ಕೆ ತದ್ವಿರುದ್ಧ, ಅದು ಐಎನ್‌ಆರ್ ಅನ್ನು ಸಿಕ್ಕಾಪಟ್ಟೆ ಇಳಿಸುತ್ತದೆ.

ಇದರರ್ಥ ಆಂಟಿಬಯೋಟಿಕ್ ಬೇಡ ಅಂತಲ್ಲ. ಸೋಂಕಿದ್ದರೆ ತೆಗೆದುಕೊಳ್ಳಲೇಬೇಕು, ಲೋಹದ ವಾಲ್ವ್ ಇರುವವರಿಗೆ ಸೋಂಕು ವಾಲ್ವ್‌ಗೆ ಹತ್ತಿದರೆ ಅದು ಇನ್ನೂ ದೊಡ್ಡ ಅಪಾಯ. ಬರೆದುಕೊಡುವ ಡಾಕ್ಟರಿಗೆ, ಅವರು ಹಲ್ಲಿನ ಡಾಕ್ಟರೇ ಆಗಿರಲಿ ಚರ್ಮದ ಡಾಕ್ಟರೇ ಆಗಿರಲಿ, "ನಾನು ಅಸಿಟ್ರಾಮ್ ತೆಗೆದುಕೊಳ್ಳುತ್ತೇನೆ" ಎಂಬುದನ್ನು ಮೊದಲು ಹೇಳಿ. ಆಂಟಿಬಯೋಟಿಕ್ ಶುರುವಾದ ಮೂರರಿಂದ ಐದು ದಿನದೊಳಗೆ ಒಮ್ಮೆ ಐಎನ್‌ಆರ್ ಮಾಡಿಸಿ, ಕೋರ್ಸ್ ಮುಗಿದ ಮೇಲೆ ಇನ್ನೊಮ್ಮೆ.

ನೋವಿನ ಮಾತ್ರೆಗಳದ್ದು ಬೇರೆಯೇ ಕಥೆ. ಐಬುಪ್ರೊಫೆನ್, ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್, ಮತ್ತು ಇವು ಸೇರಿರುವ ಕಾಂಬಿಫ್ಲಾಮ್‌ನಂಥ ಮಾತ್ರೆಗಳು ಹೊಟ್ಟೆಯ ಒಳಪದರವನ್ನು ಕೆರೆದು ಹುಣ್ಣು ಮಾಡಬಲ್ಲವು, ಪ್ಲೇಟ್‌ಲೆಟ್ ಕೆಲಸವನ್ನೂ ಕೆಡಿಸುತ್ತವೆ. ಊಟವಿಲ್ಲದ ಖಾಲಿ ಹೊಟ್ಟೆ, ಏರಿದ ಐಎನ್‌ಆರ್, ಜೊತೆಗೆ ಇಂಥ ಮಾತ್ರೆ: ಹೊಟ್ಟೆಯಲ್ಲಿ ರಕ್ತಸ್ರಾವ ಆಗುವುದಕ್ಕೆ ಇದಕ್ಕಿಂತ ಸಲೀಸಾದ ದಾರಿ ಇಲ್ಲ. ಆಸ್ಪಿರಿನ್ ಕೂಡ ಡಾಕ್ಟರು ಬರೆದುಕೊಟ್ಟಿದ್ದರೆ ಮಾತ್ರ. ಜ್ವರಕ್ಕೆ ಪ್ಯಾರಸಿಟಮಾಲ್ ವಾಸಿ. ಆದರೆ ಅದನ್ನೂ ಕಡಲೆಕಾಯಿ ತರಹ ತಿನ್ನುವಂತಿಲ್ಲ. ದಿನಕ್ಕೆ 2 ಗ್ರಾಂ ಆಸುಪಾಸು ಕೆಲವು ದಿನ ಸತತವಾಗಿ ತೆಗೆದುಕೊಂಡರೆ ಅದೂ ಐಎನ್‌ಆರ್ ಏರಿಸುತ್ತದೆ. ಡೋಲೋ 650 ಮೂರು ಮಾತ್ರೆ ಅಂದರೆ 1950 ಮಿಲಿಗ್ರಾಂ, ಲೆಕ್ಕ ಹಾಕಿಕೊಳ್ಳಿ. ಒಂದೆರಡು ದಿನಕ್ಕೆ ಪರವಾಗಿಲ್ಲ, ಅದಕ್ಕಿಂತ ಜಾಸ್ತಿಯಾದರೆ ಡಾಕ್ಟರಿಗೆ ತಿಳಿಸಿ.

ಇಂಜೆಕ್ಷನ್. "ಒಂದು ಸೂಜಿ ಹಾಕಿಸಿಕೊಂಡರೆ ಬೇಗ ವಾಸಿಯಾಗುತ್ತದೆ" ಎಂಬ ನಂಬಿಕೆ ನಮ್ಮ ಹಳ್ಳಿ ಕಡೆ ಇನ್ನೂ ಗಟ್ಟಿಯಾಗಿದೆ, ಹೋದ ಕೂಡಲೇ ಸೊಂಟಕ್ಕೆ ಚುಚ್ಚುವ ಕ್ಲಿನಿಕ್ಕುಗಳೂ ಇವೆ. ಐಎನ್‌ಆರ್ ಏರಿರುವ ಮನುಷ್ಯನ ಸ್ನಾಯುವಿಗೆ ಸೂಜಿ ಚುಚ್ಚಿದರೆ ಒಳಗೆ ರಕ್ತ ಸೋರಿ ಗಡ್ಡೆ ಕಟ್ಟಬಹುದು, ಕಾಲೇ ಎತ್ತಲಾಗದಷ್ಟು ನೋವು ಬರಬಹುದು. ನಾಚಿಕೆ ಪಡದೆ ಬೇಡ ಅನ್ನಿ, ಮಾತ್ರೆ ಕೊಡಿ ಅನ್ನಿ.

ಕಷಾಯದ ಬಗ್ಗೆ ಎಲ್ಲರೂ ಕೇಳುತ್ತಾರೆ. ಸಾರಿಗೆ ಹಾಕುವ ಬೆಳ್ಳುಳ್ಳಿ, ಅರಿಶಿನ, ಶುಂಠಿಗೆ ಹೆದರಬೇಕಿಲ್ಲ. ಆದರೆ ಹುಷಾರಿಲ್ಲ ಅಂತ ದಿನಕ್ಕೆ ಮೂರು ಲೋಟ ಗಟ್ಟಿ ಕಷಾಯ, ಬೆಳಿಗ್ಗೆ ಬೆಳ್ಳುಳ್ಳಿ ಜಜ್ಜಿ ನುಂಗುವುದು, ಅರಿಶಿನದ ಕ್ಯಾಪ್ಸೂಲು, ಇಂಥ ಹೊಸ ಅಭ್ಯಾಸಗಳನ್ನು ಈ ವಾರ ಶುರುಮಾಡಬೇಡಿ.

ಹಾಗಾದರೆ ಮಾಡಬೇಕಾದ್ದೇನು

ನಮ್ಮ ಮನೆಯಲ್ಲಿ ಡಾಕ್ಟರನ್ನು ಕೇಳಿಯೇ ಮಾಡಿಕೊಂಡ ನಿಯಮ ಇದು. ಊಟ ಮಾಮೂಲಿಯ ಅರ್ಧಕ್ಕಿಂತ ಕಡಿಮೆಯಾಗಿ ಎರಡು ದಿನವಾದರೆ ಫೋನ್. ಭೇದಿಯೋ ವಾಂತಿಯೋ ಒಂದು ದಿನ ದಾಟಿದರೆ ಫೋನ್. ಜೋರು ಜ್ವರ ಬಂದರೆ ಅವತ್ತೇ ಫೋನ್. ಯಾವುದೇ ಹೊಸ ಮಾತ್ರೆ ಶುರುವಾದರೆ ಫೋನ್. "ಮುಂದಿನ ತಿಂಗಳು ಹೇಗಿದ್ದರೂ ಐಎನ್‌ಆರ್ ಇದೆಯಲ್ಲ" ಎನ್ನುವುದು ಹುಷಾರಾಗಿರುವವರ ಮಾತು, ಮಲಗಿರುವವರಿಗೆ ಆ ಕ್ಯಾಲೆಂಡರ್ ನಡೆಯುವುದಿಲ್ಲ.

ಫೋನಿನಲ್ಲಿ ಡಾಕ್ಟರು ಅಥವಾ ಅವರ ಅಸಿಸ್ಟೆಂಟು ಸಿಗುವುದು ಒಂದೇ ನಿಮಿಷ. "ಅಮ್ಮನಿಗೆ ಹುಷಾರಿಲ್ಲ ಸಾರ್, ಏನು ಮಾಡೋದು" ಅಂದರೆ ಅವರಿಗೂ ಏನೂ ಗೊತ್ತಾಗುವುದಿಲ್ಲ. ನಾನು ಹೇಳುವುದು ಹೀಗೆ: "ಸಾರ್, ಅಮ್ಮನಿಗೆ ಮೈಟ್ರಲ್ ಮೆಟಲ್ ವಾಲ್ವ್. ಅಸಿಟ್ರಾಮ್ ದಿನಾ 2 ಮಿಲಿಗ್ರಾಂ. ಹೋದ ಸಲ ಐಎನ್‌ಆರ್ 2.9, ಎರಡು ವಾರದ ಹಿಂದೆ. ನಿನ್ನೆಯಿಂದ ಭೇದಿ, ಬರೀ ಗಂಜಿ ಕುಡಿದಿದ್ದಾರೆ. ಬೇರೆ ಮಾತ್ರೆ ಪ್ಯಾರಸಿಟಮಾಲ್ ಮಾತ್ರ. ರಕ್ತ ಎಲ್ಲೂ ಕಾಣಿಸಿಲ್ಲ. ಇವತ್ತು ಐಎನ್‌ಆರ್ ಮಾಡಿಸಲಾ?" ಇಷ್ಟು ಹೇಳಿದರೆ ಉತ್ತರ ತಕ್ಷಣ ಸಿಗುತ್ತದೆ.

ಲ್ಯಾಬಿಗೆ ಬೆಳಿಗ್ಗೆಯೇ ಹೋಗಿ. ಈ ಮಾತ್ರೆಯನ್ನು ಹೆಚ್ಚಾಗಿ ಸಂಜೆ ಕೊಡುವುದೇ ಇದಕ್ಕೆ, ರಿಪೋರ್ಟ್ ಮಧ್ಯಾಹ್ನ ಬಂದರೆ ಅವತ್ತಿನ ಡೋಸನ್ನೇ ಬದಲಾಯಿಸಬಹುದು. ಆದಷ್ಟೂ ಯಾವಾಗಲೂ ಅದೇ ಲ್ಯಾಬು. ತಿಳಿನೀಲಿ ಮುಚ್ಚಳದ ಸಣ್ಣ ಟ್ಯೂಬಿನಲ್ಲಿ ರಕ್ತ ತೆಗೆಯುತ್ತಾರೆ, ಅದರಲ್ಲಿ ಗುರುತಿರುವಷ್ಟು ರಕ್ತ ತುಂಬಬೇಕು. ಅರ್ಧ ತುಂಬಿದ ಟ್ಯೂಬಿನಿಂದ ನಂಬರು ತಪ್ಪು ಬರುತ್ತದೆ. ಭೇದಿಯಾಗಿ ನೀರಿಲ್ಲದೆ ಸೊರಗಿದವರ ನರ ಸಿಗುವುದು ಕಷ್ಟ, ಹಾಗಾಗಿ ಇದನ್ನು ಅವತ್ತು ಸ್ವಲ್ಪ ಗಮನಿಸಿ. ಚುಚ್ಚಿದ ಜಾಗವನ್ನು ಐದು ನಿಮಿಷ ಒತ್ತಿ ಹಿಡಿಯಿರಿ, ಉಜ್ಜಬೇಡಿ.

ರಿಪೋರ್ಟ್ ಏರಿದ್ದರೆ ಗಾಬರಿಯಾಗಬೇಡಿ. ರಕ್ತಸ್ರಾವ ಇಲ್ಲದೆ ನಂಬರು ಸ್ವಲ್ಪ ಮೇಲಿದ್ದರೆ ಸಾಮಾನ್ಯವಾಗಿ ಒಂದೋ ಎರಡೋ ಡೋಸ್ ಬಿಡಿಸಿ ಅಥವಾ ಸ್ವಲ್ಪ ಇಳಿಸಿ, ಕೆಲವೇ ದಿನಗಳಲ್ಲಿ ಮತ್ತೆ ನೋಡುತ್ತಾರೆ. 10 ದಾಟಿದರೆ, ಅಥವಾ ರಕ್ತ ಹೋಗುತ್ತಿದ್ದರೆ ವಿಟಮಿನ್ ಕೆ ಕೊಡುವುದುಂಟು. ಎಷ್ಟು ಕೊಡಬೇಕು ಎನ್ನುವುದು ನಾಜೂಕಿನ ವಿಷಯ, ಯಾಕೆಂದರೆ ಜಾಸ್ತಿ ಕೊಟ್ಟರೆ ಲೋಹದ ವಾಲ್ವ್‌ನಲ್ಲೇ ಹೆಪ್ಪುಗಟ್ಟುವ ಭಯ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದು ಕೊಡುವ ವಸ್ತುವಲ್ಲ ಅದು. ಐಎನ್‌ಆರ್ ಇಳಿಯಲಿ ಅಂತ ಒಂದು ಪಾತ್ರೆ ಸೊಪ್ಪು ಬೇಯಿಸಿ ತಿನ್ನಿಸುವುದೂ ಬೇಡ.

ಇನ್ನು ಡೋಸ್ ಬದಲಾವಣೆ ಕೂಡಲೇ ಕೆಲಸ ಮಾಡುವುದಿಲ್ಲ. ರಕ್ತ ನಿಲ್ಲಿಸುವ ಪ್ರೋಟೀನುಗಳಲ್ಲಿ 7ನೆಯದು ಸುಮಾರು 6 ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ, 2ನೆಯದಕ್ಕೆ ಎರಡು ದಿನಕ್ಕೂ ಹೆಚ್ಚು ಬೇಕು. ವಾರ್ಫರಿನ್ ಸಹ ದೇಹದಿಂದ ನಿಧಾನವಾಗಿ ಹೋಗುತ್ತದೆ, ಅಸಿಟ್ರಾಮ್ ಅದಕ್ಕಿಂತ ಬೇಗ. ಹಾಗಾಗಿ ಇವತ್ತಿನ ನಂಬರು ಎರಡು ಮೂರು ದಿನದ ಹಿಂದಿನ ಊಟ ಮತ್ತು ಮಾತ್ರೆಯ ಕಥೆ ಹೇಳುತ್ತಿರುತ್ತದೆ. ಎರಡು ದಿನದಿಂದ ಏನೂ ತಿಂದಿಲ್ಲ, ಐಎನ್‌ಆರ್ ಮಾತ್ರ ಚೆನ್ನಾಗಿದೆ ಅಂತ ನಿರಾಳವಾಗಬೇಡಿ. ಊಟ ಇನ್ನೂ ಸೇರುತ್ತಿಲ್ಲ ಅಂದರೆ ಮತ್ತೆ ಮೂರು ದಿನಕ್ಕೆ ನೋಡಬೇಕು.

ಒಂದು ಮಾತು ಸ್ಪಷ್ಟವಾಗಿರಲಿ. ಊಟ ಇಲ್ಲ ಅಂತ ನೀವೇ ಮಾತ್ರೆ ನಿಲ್ಲಿಸುವಂತಿಲ್ಲ. "ಖಾಲಿ ಹೊಟ್ಟೆಗೆ ಮಾತ್ರೆ ಯಾಕೆ" ಅಂತ ನಾಲ್ಕು ದಿನ ಬಿಟ್ಟು, ಅಷ್ಟರಲ್ಲಿ ವಾಲ್ವ್‌ನಲ್ಲಿ ಹೆಪ್ಪುಗಟ್ಟಿದರೆ ಅದು ಜೀವಕ್ಕೇ ಬರುತ್ತದೆ. ಇನ್ನು ಕೆಲವರು ಅಕ್ಕಪಕ್ಕದವರ ಮಾತು ಕೇಳಿ ಬಿಡುತ್ತಾರೆ, "ಅಯ್ಯೋ, ಅದು ಇಲಿ ಪಾಷಾಣ ಅಂತೆ ಕಣ್ರೀ." ಅದು ಸುಳ್ಳಲ್ಲ. ಅಮೆರಿಕ, ಕೆನಡಾಗಳಲ್ಲಿ 1920ರ ದಶಕದಲ್ಲಿ ಕೊಳೆತ ಮೇವು ತಿಂದ ದನಗಳು ರಕ್ತಸ್ರಾವವಾಗಿ ಸಾಯುತ್ತಿದ್ದವು, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಲಿಂಕ್ ಅವರ ಲ್ಯಾಬಿನಲ್ಲಿ ಅದಕ್ಕೆ ಕಾರಣವಾದ ವಸ್ತು ಸಿಕ್ಕಿತು, ಅದರ ಸಂಬಂಧಿಯಾದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಬಂತು, 1954ರಲ್ಲಿ ಮನುಷ್ಯರಿಗೆ ಔಷಧಿಯಾಯಿತು. ಅಳತೆ ತಪ್ಪದಂತೆ ನೋಡಿಕೊಳ್ಳಲೆಂದೇ ಐಎನ್‌ಆರ್ ಇರುವುದು. ಅಕ್ಕಪಕ್ಕದವರಿಗೆ ಹಾಗೇ ಹೇಳಿ.

ಮಲಗಿರುವವರಿಗೆ ಏನು ತಿನ್ನಿಸಬೇಕು ಎಂದರೆ, ಅವರಿಗೆ ಸೇರುವುದನ್ನೇ ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಐದಾರು ಸಲ. ಓಆರ್‌ಎಸ್, ಮಜ್ಜಿಗೆ, ಎಳನೀರು ಕುಡಿಸಬಹುದು, ಆದರೆ ನೀರು ಇಷ್ಟೇ ಕುಡಿಯಿರಿ ಅಂತ ಹಾರ್ಟ್ ಡಾಕ್ಟರು ಅಳತೆ ಹೇಳಿದ್ದರೆ, ಅಥವಾ ನೀರು ಇಳಿಸುವ ಮಾತ್ರೆ ನಡೆಯುತ್ತಿದ್ದರೆ, ಆ ಮಾತನ್ನೂ ಅದೇ ಫೋನಿನಲ್ಲಿ ಕೇಳಿಬಿಡಿ. ಹೊಟ್ಟೆ ಸ್ವಲ್ಪ ನಿಂತ ಮೇಲೆ ಬೇಳೆಕಟ್ಟಿಗೆ ಮಾಮೂಲಿಯಾಗಿ ಹಾಕುವಷ್ಟೇ ಸೊಪ್ಪು ಹಾಕಿದರೆ ಒಳ್ಳೆಯದೇ. ಸೊಪ್ಪು ಪೂರ್ತಿ ಬಿಡಿಸುವುದು ಮೊದಲಿನಿಂದಲೂ ತಪ್ಪು ಸಲಹೆ ಅಂತ ನನ್ನ ಅಭಿಪ್ರಾಯ, ವಾರವಾರವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನುವವರ ಐಎನ್‌ಆರ್ ಸ್ಥಿರವಾಗಿರುತ್ತದೆ.

ಹುಷಾರಾದ ಮೇಲಿನ ಎರಡು ವಾರ

ಇದನ್ನು ಬಹಳ ಜನ ಮರೆಯುತ್ತಾರೆ. ಜ್ವರದ ವಾರದಲ್ಲಿ ಡಾಕ್ಟರು ಡೋಸ್ ಇಳಿಸಿರುತ್ತಾರೆ. ಜ್ವರ ಬಿಟ್ಟಿತು, ಹಸಿವು ಬಂತು. ಬಾಯಿ ಕೆಟ್ಟಿದೆ, ಏನಾದರೂ ಖಾರವಾಗಿ ಬೇಕು ಅಂತ ಮನೆಯಲ್ಲಿ ಬಸ್ಸಾರು, ಮಸ್ಸೊಪ್ಪು, ಸೊಪ್ಪಿನ ಪಲ್ಯ. ಶಕ್ತಿ ಬರಲಿ ಅಂತ ಮಗ ಎನ್ಶೂರ್ ಡಬ್ಬ ತಂದಿಡುತ್ತಾನೆ. ಅಂಥ ಪುಡಿಗಳಲ್ಲಿ ವಿಟಮಿನ್ ಕೆ ಸೇರಿಸಿರುತ್ತಾರೆ, ಡಬ್ಬದ ಹಿಂದೆ ಓದಿದರೆ ಕಾಣುತ್ತದೆ. ಆಂಟಿಬಯೋಟಿಕ್ ಕೂಡ ಮುಗಿದಿದೆ. ಅಂದರೆ ಐಎನ್‌ಆರ್ ಏರಿಸುತ್ತಿದ್ದ ಎಲ್ಲವೂ ಒಂದೇ ವಾರದಲ್ಲಿ ಹೋದವು, ಇಳಿಸುವ ಎಲ್ಲವೂ ಬಂದವು, ಮಾತ್ರೆ ಮಾತ್ರ ಇಳಿಸಿದ ಡೋಸ್‌ನಲ್ಲೇ ನಿಂತಿದೆ. ಹೀಗೆ ಐಎನ್‌ಆರ್ 2ಕ್ಕಿಂತ ಕೆಳಗಿಳಿದರೂ ಮನುಷ್ಯನಿಗೆ ಏನೂ ಅನ್ನಿಸುವುದಿಲ್ಲ. ಚೆನ್ನಾಗಿ ಊಟ ಮಾಡುತ್ತಿದ್ದಾರಲ್ಲ ಅಂತ ಮನೆಯವರೂ ಖುಷಿಯಾಗಿರುತ್ತಾರೆ.

ಹಾಗಾಗಿ ಡೋಸ್ ಇಳಿಸಿದ ದಿನವೇ ಕೇಳಿ: "ಮತ್ತೆ ಹಳೇ ಡೋಸ್‌ಗೆ ಯಾವಾಗ?" ಊಟ ಮಾಮೂಲಿಗೆ ಬಂದ ನಾಲ್ಕೈದು ದಿನಕ್ಕೆ ಒಂದು ಐಎನ್‌ಆರ್, ಅದಾಗಿ ವಾರಕ್ಕೆ ಇನ್ನೊಂದು ಮಾಡಿಸಿದರೆ ಎಲ್ಲಿ ನಿಂತಿದೆ ಎಂದು ತಿಳಿಯುತ್ತದೆ. ಶಕ್ತಿಯ ಪುಡಿ ಕೊಡಲೇಬೇಕು ಅಂತಿದ್ದರೆ ಕೊಡಿ, ಆದರೆ ಡಾಕ್ಟರಿಗೆ ಹೇಳಿ ದಿನಾ ಒಂದೇ ಅಳತೆಯಲ್ಲಿ ಕೊಡಿ. ಒಂದು ವಾರ ಕೊಟ್ಟು ಒಂದು ವಾರ ಬಿಡುವುದು ಬೇಡ.

ಲೋಹದ ವಾಲ್ವ್ ಇರುವವರ ಎದೆಯಲ್ಲಿ ಟಿಕ್ ಟಿಕ್ ಅಂತ ಸಣ್ಣ ಸದ್ದು ಬರುತ್ತಿರುತ್ತದೆ, ರಾತ್ರಿ ಪಕ್ಕದಲ್ಲಿ ಮಲಗಿದವರಿಗೂ ಕೇಳಿಸುತ್ತದೆ. ಆ ಸದ್ದು ಮಂಕಾದರೆ ಅಥವಾ ನಿಂತಂತಾದರೆ, ಜೊತೆಗೆ ಉಸಿರು ಕಟ್ಟಿದರೆ, ವಾಲ್ವ್‌ನಲ್ಲಿ ಹೆಪ್ಪುಗಟ್ಟಿರಬಹುದು. ಬೆಳಗಾಗಲಿ ಅಂತ ಕಾಯುವ ವಿಷಯವಲ್ಲ ಅದು.

ಜ್ವರವಿಲ್ಲದೆಯೂ ಊಟ ಕಡಿಮೆಯಾಗುತ್ತದೆ

ಹಲ್ಲು ಬಿದ್ದಿದೆ, ಅಗಿಯಲಾಗುವುದಿಲ್ಲ. ಯಜಮಾನರು ತೀರಿಕೊಂಡರು, ಒಬ್ಬರಿಗೇ ಅಡುಗೆ ಯಾಕೆ ಅಂತ ಬೆಳಗಿನ ಅನ್ನಕ್ಕೇ ಮಜ್ಜಿಗೆ ಹಾಕಿಕೊಂಡು ರಾತ್ರಿಯೂ ಮುಗಿಸುತ್ತಾರೆ. ಇಂಥವರ ಐಎನ್‌ಆರ್ ತಿಂಗಳುಗಳಲ್ಲಿ ಮೆಲ್ಲಗೆ ಏರುತ್ತದೆ, ತೂಕವೂ ಇಳಿಯುತ್ತಿರುತ್ತದೆ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದರೆ "ಊಟ ಆಯ್ತಾ ಅಮ್ಮ?" "ಆಯ್ತಪ್ಪ" ಅಷ್ಟಕ್ಕೇ ಮಾತು ಮುಗಿಯುತ್ತದೆ. ಏನು ಸಾರು ಮಾಡಿದ್ದೆ, ಮುದ್ದೆ ಎಷ್ಟು ತಿಂದೆ ಅಂತ ಕೇಳಿ. ಎರಡು ಮುದ್ದೆ ತಿನ್ನುತ್ತಿದ್ದವರು ಅರ್ಧ ಮುದ್ದೆಗೆ ಬಂದಿದ್ದರೆ ಅದು ಡಾಕ್ಟರಿಗೆ ಹೇಳಬೇಕಾದ ಸುದ್ದಿ.

ಉಪವಾಸದ ಬಗ್ಗೆ: ಏಕಾದಶಿಯ ಒಂದು ದಿನದಿಂದ ಸಾಮಾನ್ಯವಾಗಿ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ನವರಾತ್ರಿ, ರಂಜಾನ್‌ನಂಥ ಉದ್ದದ ವ್ರತಗಳಿಗೆ ಮುಂಚೆಯೇ ಡಾಕ್ಟರನ್ನು ಕೇಳಿ, ಮಾತ್ರೆಯ ಹೊತ್ತು ಮತ್ತು ಪರೀಕ್ಷೆಯ ದಿನ ಎರಡನ್ನೂ ಗೊತ್ತುಮಾಡಿಕೊಳ್ಳಿ. ಕುಡಿತದ ಚಟ ಇರುವವರು ಊಟ ಬಿಟ್ಟು ಒಮ್ಮೆಗೇ ಜಾಸ್ತಿ ಕುಡಿದರೂ ಐಎನ್‌ಆರ್ ಏರುತ್ತದೆ.

ಹೊಸ ಮಾತ್ರೆಗಳವರಿಗೆ

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೊಸ ಮಾತ್ರೆಗಳಾದ ಡಾಬಿಗಾಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್ ತೆಗೆದುಕೊಳ್ಳುವವರಿಗೆ ವಿಟಮಿನ್ ಕೆ, ಸೊಪ್ಪಿನ ಲೆಕ್ಕ ಇಲ್ಲ, ಐಎನ್‌ಆರ್ ಕೂಡ ಬೇಕಿಲ್ಲ. ಹಾಗಂತ ಹುಷಾರಿಲ್ಲದಾಗ ಇವರು ಸುಮ್ನೆ ಇರುವಂತಿಲ್ಲ. ಇಲ್ಲಿ ನೋಡಬೇಕಾದ್ದು ಕಿಡ್ನಿ. ಭೇದಿ ವಾಂತಿಯಿಂದ ನೀರಿನಂಶ ಕಡಿಮೆಯಾದರೆ ಕಿಡ್ನಿಯ ಕೆಲಸ ತಗ್ಗುತ್ತದೆ, ಮಾತ್ರೆ ದೇಹದಲ್ಲೇ ಉಳಿದು ಜಾಸ್ತಿಯಾಗುತ್ತದೆ. ಡಾಬಿಗಾಟ್ರಾನ್‌ನ ಸುಮಾರು ಶೇಕಡ 80 ಭಾಗ ಕಿಡ್ನಿಯಿಂದಲೇ ಹೋಗಬೇಕು, ಹಾಗಾಗಿ ಭೇದಿಯಾದ ವಯಸ್ಸಾದವರಿಗೆ ಅದೇ ಜಾಸ್ತಿ ಅಪಾಯ. ಮೂತ್ರ ಕಡಿಮೆಯಾದರೆ ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ. ರಿವರಾಕ್ಸಬಾನ್ 15 ಮತ್ತು 20 ಮಿಲಿಗ್ರಾಂ ಮಾತ್ರೆಗಳನ್ನು ಊಟದ ಜೊತೆಗೇ ನುಂಗಬೇಕು, ಖಾಲಿ ಹೊಟ್ಟೆಯಲ್ಲಿ ದೇಹ ಅದನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ಅಂದರೆ ಊಟ ಬಿಟ್ಟಾಗ ಇದರ ಕೆಲಸ ಕಡಿಮೆಯಾಗುತ್ತದೆ, ಅಸಿಟ್ರಾಮ್‌ಗೆ ಉಲ್ಟಾ. ಡಾಬಿಗಾಟ್ರಾನ್ ಕ್ಯಾಪ್ಸೂಲನ್ನು ನುಂಗಲು ಕಷ್ಟ ಅಂತ ಬಿಚ್ಚಿ ಗಂಜಿಗೆ ಹಾಕಬೇಡಿ.

"ಹಾಗಾದರೆ ನಮಗೂ ಆ ಹೊಸ ಮಾತ್ರೆಯೇ ಬರೆದುಕೊಡಿ" ಅಂತ ವಾಲ್ವ್‌ನವರು ಕೇಳುತ್ತಾರೆ. ಲೋಹದ ವಾಲ್ವ್ ಇರುವವರಿಗೆ ಅವು ಆಗಿಬರುವುದಿಲ್ಲ, ಡಾಬಿಗಾಟ್ರಾನ್ ಕೊಟ್ಟು ನಡೆಸಿದ ಪ್ರಯೋಗವನ್ನು ತೊಂದರೆ ಜಾಸ್ತಿಯಾದ ಕಾರಣ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ವಾಲ್ವ್ ಕೆಟ್ಟು ಎದೆಬಡಿತ ಏರುಪೇರಾಗುವವರಲ್ಲೂ ರಿವರಾಕ್ಸಬಾನ್‌ಗಿಂತ ಹಳೇ ಮಾತ್ರೆಯೇ ಮೇಲು ಅಂತ 2022ರಲ್ಲಿ ಬಂದ ದೊಡ್ಡ ಅಧ್ಯಯನ ತೋರಿಸಿತು. ನಮ್ಮಲ್ಲಿ ಅಂಥವರು ಬಹಳ ಜನ ಇದ್ದಾರೆ.

ಫೋನ್ ಬೇಡ, ನೇರ ಆಸ್ಪತ್ರೆಗೆ

ಮಲ ಟಾರಿನಂತೆ ಕಪ್ಪಗೆ ಅಂಟಂಟಾಗಿ ಹೋದರೆ ಹೊರಡಿ. ಕಬ್ಬಿಣದ ಮಾತ್ರೆಯಿಂದಲೂ ಕಪ್ಪಾಗುವುದುಂಟು, ಆದರೂ ಅದೇ ಕಾರಣ ಅಂತ ನೀವೇ ತೀರ್ಮಾನಿಸಬೇಡಿ. ವಾಂತಿಯಲ್ಲಿ ಕಾಫಿ ಗಸಿಯಂಥದ್ದು ಬಂದರೆ, ಮೂತ್ರ ಕೆಂಪಗಾದರೆ, ಮೂಗಿನ ರಕ್ತ ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದಿದ್ದರೆ, ಹಿಂದೆಂದೂ ಇಲ್ಲದಷ್ಟು ತಲೆನೋವು ಬಂದರೆ ಹೊರಡಿ. ಜ್ವರದಲ್ಲಿ ನಿಶ್ಶಕ್ತಿಯಿಂದ ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ತಲೆಗೆ ಪೆಟ್ಟಾದರೆ, ಹೊರಗೆ ಗಾಯ ಕಾಣದಿದ್ದರೂ ಹೊರಡಿ. ಬಾಯಿ ಸೊಟ್ಟಗಾದರೆ, ಒಂದು ಕೈಯ ಶಕ್ತಿ ಹೋದರೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ. ಅದು ಹೆಪ್ಪಿನಿಂದಲೂ ಆಗಿರಬಹುದು, ರಕ್ತಸ್ರಾವದಿಂದಲೂ ಆಗಿರಬಹುದು, ಸ್ಕ್ಯಾನ್ ಮಾಡದೆ ಹೇಳಲಾಗದು.

ಕ್ಯಾಶುವಾಲ್ಟಿಯಲ್ಲಿ ಮೊದಲ ಮಾತು "ಇವರು ಅಸಿಟ್ರಾಮ್ ತೆಗೆದುಕೊಳ್ಳುತ್ತಾರೆ, ವಾಲ್ವ್ ಆಗಿದೆ" ಎಂಬುದೇ ಆಗಿರಲಿ, ಹೆಸರು ವಯಸ್ಸು ಆಮೇಲೆ. ಡೈರಿ, ಮಾತ್ರೆಯ ಸ್ಟ್ರಿಪ್, ಈ ವಾರ ಮೆಡಿಕಲ್ ಶಾಪ್‌ನಿಂದ ತಂದ ಎಲ್ಲ ಮಾತ್ರೆಗಳ ಖಾಲಿ ಕವರುಗಳು ಒಂದೇ ಚೀಲದಲ್ಲಿರಲಿ. ಭಾನುವಾರ ಬೀದಿಯ ಲ್ಯಾಬು ಮುಚ್ಚಿದ್ದರೂ ದೊಡ್ಡ ಆಸ್ಪತ್ರೆಗಳ ಲ್ಯಾಬಿನಲ್ಲಿ ರಾತ್ರಿಯೂ ಐಎನ್‌ಆರ್ ಮಾಡುತ್ತಾರೆ. ನಿಮ್ಮೂರಿಗೆ ಹತ್ತಿರದಲ್ಲಿ ಅಂಥದ್ದು ಯಾವುದಿದೆ ಎಂದು ಹುಷಾರಾಗಿರುವಾಗಲೇ ವಿಚಾರಿಸಿ, ಆ ನಂಬರನ್ನು ಡೈರಿಯ ಹಿಂದಿನ ರಟ್ಟಿನ ಮೇಲೆ ಬರೆದಿಡಿ.